ತೊಲೆಗೆ ತಲೆ ತಾಗಿದ ದಿನ

ಸಂಬಳ ಹೆಚ್ಚು ಮಾಡಿ ಎಂದು ಧರಣಪ್ಪನವರನ್ನು ಕೇಳಿಯೇಬಿಡಬೇಕೆಂದು ನಾನು ನಿಶ್ಚಯಿಸಿದ್ದು ಒಂದು ಬೆಳಿಗ್ಗೆ, ಅಕ್ಕಿ ಆರಿಸುತ್ತ ಕುಳಿತಿದ್ದಾಗ. ನಿಶ್ಚಯಿಸಿದ ಮರುಗಳಿಗೆಯಲ್ಲೇ ಮಣೆಯಿಂದ ಗೇಣುದ್ದ ಮೇಲೆದ್ದೆ. ತೊಡೆಯ ಮೇಲಿನ ಮೊರ ಓರೆಯಾಗಿ ಅಕ್ಕಿಯೆಲ್ಲ ನೆಲದ ಪಾಲಾಯಿತು. ಮಂಚದ ಮೇಲೆ ಮಲಗಿದ್ದ ಅಕ್ಕ ಒಂದು ಕಣ್ಣು ತೆರೆದು ನೋಡಿ, ಇನ್ನೂ ಸ್ವಲ್ಪ ಎದ್ದರೆ ತಲೆ ಜಂತಿಗೆ ಬಡಿಯುತ್ತದೆ, ಹುಷಾರು ಎಂದಳು. ಯಾಕೆ ಎಂದು ಕೇಳಲಿಲ್ಲ.

ನಮ್ಮೂರಲ್ಲಿ ಒಬ್ಬರ ಕಾಲು ನೆಲ ಬಿಟ್ಟರೆ ಯಾಕೆ ಎಂದು ಕೇಳುವುದು ಮರ್ಯಾದೆಯಲ್ಲ. ಮನಸ್ಸಿನಲ್ಲಿ ಆಸೆ ಹುಟ್ಟಿದೆ, ಮನುಷ್ಯ ಎದ್ದಿದ್ದಾನೆ, ಅಷ್ಟೇ. ದಾರಿಯಲ್ಲಿ ಯಾರಾದರೂ ಹಾಗೆ ಏಳತೊಡಗಿದರೆ, ಹತ್ತಿರ ಇದ್ದವರು ತಮ್ಮ ಕಿರುಬೆರಳು ಚಾಚುತ್ತಾರೆ. ಎದ್ದವರು ಅದನ್ನು ಹಿಡಿದುಕೊಳ್ಳುತ್ತಾರೆ. ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ, ಬದನೆಕಾಯಿ ಎಷ್ಟು ತುಟ್ಟಿಯಾಗಿದೆ ಎಂದೋ ಏನೋ ಮಾತಾಡುತ್ತ, ತಿರುವಿನವರೆಗೆ ನಡೆಯುತ್ತಾರೆ. ಗುರುತು ಪರಿಚಯ ಬೇಕಿಲ್ಲ. ಒಮ್ಮೆ ನನಗೆ ಬೆರಳು ಕೊಟ್ಟ ಹಾಲಿನವನು ತಿರುವಿನಲ್ಲಿ ಬಿಡುವಾಗ ನನ್ನ ಚೀಲವನ್ನು ತನ್ನ ಸೈಕಲ್ಲಿನಿಂದ ತೆಗೆದು ಕೊಟ್ಟ. ಅದನ್ನು ಯಾವಾಗ ನನ್ನ ಕೈಯಿಂದ ಇಸಿದುಕೊಂಡಿದ್ದನೋ ನನಗೇ ಗೊತ್ತಾಗಿರಲಿಲ್ಲ.

ಬಾಡಿಗೆಯೂ ನಮ್ಮಲ್ಲಿ ಮನೆಯ ಅಗಲಕ್ಕಲ್ಲ, ಎತ್ತರಕ್ಕೆ. ಉಳ್ಳವರ ಮನೆಗಳ ಮಾಳಿಗೆ ನೋಡಲು ಕತ್ತು ಹಿಂದಕ್ಕೆ ಹೋಗಬೇಕು. ನಾನೂ ಅಕ್ಕನೂ ಇದ್ದದ್ದು ಗಿಡ್ಡ ಮನೆಗಳ ಓಣಿಯಲ್ಲಿ. ಅಲ್ಲಿ ಎಲ್ಲರೂ ಜಂತಿಗಳ ಕೆಳಗೆ ಹಳೆಯ ಕೌದಿಗಳನ್ನು ಮೊಳೆ ಹೊಡೆದು ಕಟ್ಟಿರುತ್ತಾರೆ, ತಲೆಗೆ ಪೆಟ್ಟಾಗದಿರಲೆಂದು. ಹಾಗಿದ್ದೂ ಓಣಿಯ ಮಂದಿಯ ನಡುನೆತ್ತಿಯ ಮೇಲೆ ಒಂದು ಗಟ್ಟಿ ಗಂಟು ಇದ್ದೇ ಇರುತ್ತದೆ. ಹೆಣ್ಣು ನೋಡಲು ಬಂದವರು ಮೊದಲು ತಲೆ ಸವರಿ ನೋಡುತ್ತಿದ್ದರು ಎಂದು ನಮ್ಮವ್ವ ಹೇಳುತ್ತಿದ್ದಳು. ಗಂಟು ದೊಡ್ಡದಿದ್ದರೆ ಹುಡುಗಿ ಆಸೆಬುರುಕಿ ಎಂದು ಲೆಕ್ಕ. ನನ್ನನ್ನು ಎಲ್ಲರೂ ತಲೆ ಸವರಿ ವಾಪಸು ಹೋದರು.

ಧರಣಪ್ಪನವರದು ಪೇಟೆಯ ನಡುವಿನ ಅಂಚಿನಂಗಡಿ. ಸೀರೆಗೆ, ಧೋತರಕ್ಕೆ, ಮಕ್ಕಳ ಚಡ್ಡಿಗೆ ಸೀಸದ ಗುಂಡು ತುಂಬಿದ ಅಂಚುಪಟ್ಟಿ ಹೊಲಿದು ಕೊಡುತ್ತೇವೆ. ಪಟ್ಟಿಗೆ ಹುಕ್ಕುಗಳಿರುತ್ತವೆ, ಬೇಕಾದಾಗ ಹಾಕಿಕೊಂಡು ಬೇಡವಾದಾಗ ಬಿಚ್ಚಿಡಬಹುದು. ಮಾಬೂಬಿ ಹೊಲಿಗೆ ಮಶೀನಿನ ಮೇಲೆ. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿ. ಬಂದವರ ಆಸೆ ಏನೆಂದು ಕೇಳಿ, ಎಂಥ ಗುಂಡು ಬೇಕೆಂದು ಹೇಳುವುದು ನನ್ನ ಕೆಲಸ. ಊರಿನಲ್ಲಿ ಈ ಪ್ರಶ್ನೆ ಕೇಳಬಹುದಾದವರು ಈ ಒಂದು ಕುರ್ಚಿಯಲ್ಲಿ ಕೂತವರು ಮಾತ್ರ. ಅದಕ್ಕೇ ಧರಣಪ್ಪನವರ ತಂದೆ, ಹಿರಿಯ ಧಣಿಗಳು, ಬಿ.ಎ. ಓದಿದವರೇ ಆಗಬೇಕೆಂದು ಹುಡುಕಿ ನನ್ನನ್ನು ಇಟ್ಟುಕೊಂಡಿದ್ದರು. ಎಮ್ಮೆ ಕರು ಹಾಕುವುದನ್ನು ಕಾಯುತ್ತಿರುವವರಿಗೆ ಮೆಣಸಿನಕಾಳಿನ ಗಾತ್ರದ ಗುಂಡು ಸಾಕು. ಗಂಡಿನವರು ಬರುವುದಿದ್ದರೆ ಅಪ್ಪನಿಗೆ ಬಟಾಣಿ ಗಾತ್ರದ್ದು, ಅವ್ವನಿಗೆ ನೆಲ್ಲಿಕಾಯಿಯಷ್ಟು. ಹುಡುಗಿಗೆ, ಅವಳ ಮುಖ ನೋಡಿ. ದವಾಖಾನೆಯ ರಿಪೋರ್ಟು ಕಾಯುವವರಿಗೆ ನಾನು ಯಾವಾಗಲೂ ಒಂದೆರಡು ಗುಂಡು ಕಡಿಮೆ ಹಾಕಿಸುತ್ತೇನೆ. ಅವರು ಸ್ವಲ್ಪ ಎದ್ದರೆ ಏನೂ ಹಾಳಾಗುವುದಿಲ್ಲ.

ಇಷ್ಟು ವರ್ಷಗಳಲ್ಲಿ ನಾನು ಸಂಬಳ ಹೆಚ್ಚಿಸಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಹಿರಿಯ ಧಣಿಗಳು ಅಷ್ಟೋ ಇಷ್ಟೋ ತಾವಾಗಿಯೇ ಸೇರಿಸುತ್ತಿದ್ದರು. ಮಗ ಧರಣಪ್ಪನವರು ಗಲ್ಲೆಗೆ ಬಂದ ಮೇಲೆ ಅದು ನಿಂತಿತ್ತು. ಅವರು ಜಿಪುಣರೆಂದಲ್ಲ. ಕೇಳದೆ ಕೊಟ್ಟರೆ ಕೇಳುವವರಿಗೆ ಅವಮಾನ ಎಂದು ನಂಬಿದವರು. ನನಗೂ ಕೊರತೆಯೆನಿಸಿರಲಿಲ್ಲ. ಗಿಡ್ಡ ಮನೆಯಲ್ಲಿ ಬದುಕಿದವರ ಆಸೆಗಳು ಮನೆಯ ಅಳತೆಗೇ ಹೊಂದಿಕೊಳ್ಳುತ್ತವೆ. ಬಾಗಿ ನಡೆದು ಬೆನ್ನಿಗೂ ಅದೇ ರೂಢಿಯಾಗಿರುತ್ತದೆ.

ಈಗ ಅಕ್ಕನ ವಿಷಯ ಹೇಳಬೇಕು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಚಂದ್ರಕಲಾ ಎಂದು ಹೆಸರು, ಊರಿಗೆಲ್ಲ ಕಲಕ್ಕ. ಹೆರಿಗೆ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು. ಒಂದು ಕಾಲದಲ್ಲಿ ಅವಳಷ್ಟು ಏಳುತ್ತಿದ್ದವರೇ ಇರಲಿಲ್ಲ. ಯಾರಿಗೋ ಹೆರಿಗೆಯೆಂದರೆ ಇವಳ ಕಾಲು ನೆಲದ ಮೇಲಿಲ್ಲ; ಬಾಣಂತಿಯ ಕಡೆಯವರೇ ಸೆರಗು ಹಿಡಿದು ಇಳಿಸಬೇಕು. ಅವಳ ಗಂಡ ತೀರಿಕೊಂಡ ವರ್ಷ ಅದು ನಿಂತುಹೋಯಿತು. ನಮ್ಮ ಊರಿನ ಕಷ್ಟ ಇದು: ಆಸೆ ಕೈಗೂಡಿದರೂ ಕಾಲು ನೆಲಕ್ಕೆ ಬರುತ್ತದೆ, ಬತ್ತಿದರೂ ಬರುತ್ತದೆ, ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಮನೆಯಲ್ಲೇ ಇದ್ದ ನನಗೆ ಮಾತ್ರ ಯಾವುದೆಂದು ಗೊತ್ತಿತ್ತು. ಒಂದು ಮಧ್ಯಾಹ್ನ ಅವಳು ತನ್ನ ಸೀರೆಗಳ ಅಂಚುಪಟ್ಟಿಗಳನ್ನೆಲ್ಲ ಬಿಚ್ಚಿ, ಗುಂಡುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಸುರಿದು ನನ್ನ ಮುಂದಿಟ್ಟಳು. "ನನಗ ಇವು ಯಾಕ ಬೇಕು ಕುಸುಮಿ? ಯಾರಿಗರೆ ಹಚ್ಚು" ಎಂದಳು. ನಾನು ಯಾರಿಗೂ ಹಚ್ಚಲಿಲ್ಲ. ಡಬ್ಬಿಯನ್ನು ಮಂಚದ ಕೆಳಗೆ ತಳ್ಳಿದೆ. ಆಮೇಲೆ ಅವಳು ಮಂಚ ಬಿಟ್ಟು ಏಳುವುದೂ ಕಡಿಮೆಯಾಯಿತು.

ಆ ಅಕ್ಕ ಎದ್ದಳು ಎಂಬುದೇ ಈ ಕಥೆಗೆಲ್ಲ ಕಾರಣ. ಗಿರಣಿಯ ಹಿಂದೆ ಸಾವಕ್ಕ ಎಂಬವರದೊಂದು ಹಳೆಯ ಹತ್ತಿ ಗೋದಾಮು ಇದೆ. ಹತ್ತಿಯ ವ್ಯಾಪಾರ ನಿಂತ ಮೇಲೆ ಅದನ್ನೇ ಗೋಡೆಯಿಟ್ಟು ಬಾಡಿಗೆ ಮನೆ ಮಾಡಿದ್ದರು. ಹತ್ತಿಯ ಅಂಡಿಗೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಜಾಗ, ಮಾಳಿಗೆ ಅಷ್ಟೆತ್ತರ. ಅಕ್ಕನನ್ನು ಡಾಕ್ಟರರಿಗೆ ತೋರಿಸಿಕೊಂಡು ಬರುತ್ತಿದ್ದಾಗ ಬಿಸಿಲು ತಾಳದೆ ಅಲ್ಲಿನ ಕಟ್ಟೆಯ ಮೇಲೆ ಕುಳಿತೆವು. ಸಾವಕ್ಕ ನೀರು ಕೊಟ್ಟರು. ಅಕ್ಕನಿಗೆ ಕೈ ನಡುಗುತ್ತದೆಂದು ನೋಡಿ ತಂಬಿಗೆ ಬಿಟ್ಟು ಸಣ್ಣ ಲೋಟ ತಂದದ್ದನ್ನು ನಾನು ಗಮನಿಸಿದೆ. ಮನೆ ಖಾಲಿ ಇದೆ, ಒಳಗೆ ಬಂದು ನೆರಳಲ್ಲಿ ಕೂಡಿರಿ ಎಂದರು. ಅಕ್ಕ ಒಳಗೆ ಹೋಗಿ ನಿಂತಳು. ಮೇಲೆ ಬೆಳಕಿಂಡಿಯಿಂದ ಬಿಸಿಲು ಒಂದು ಕೋಲಿನ ಹಾಗೆ ಇಳಿದಿತ್ತು. ಅವಳು ಕತ್ತೆತ್ತಿ ನೋಡಿದಳು, ಬಹಳ ಹೊತ್ತು ನೋಡಿದಳು. ನಾನು ಅವಳ ಕಾಲು ನೋಡಿದೆ. ಎಡಗಾಲಿನ ಚಪ್ಪಲಿ ನೆಲದಲ್ಲೇ ಇತ್ತು, ಪಾದ ಅದರಲ್ಲಿ ಇರಲಿಲ್ಲ. ಒಂದು ಬೆರಳಿನಷ್ಟು, ಅಷ್ಟೇ. ಅವಳಿಗೇ ಅದು ತಿಳಿಯಲಿಲ್ಲ. ಮತ್ತೆ ಇಳಿದು, ಮನೆಗೆ ಹೋಗೋಣ ಎಂದಳು.

ಸಾವಕ್ಕನೂ ನೋಡಿದ್ದರು. ಅಮಾವಾಸ್ಯೆಯ ದಿನ ದೀಪ ಹಚ್ಚುವ ಹೊತ್ತಿನ ತನಕ ಮನೆ ಯಾರಿಗೂ ಕೊಡುವುದಿಲ್ಲ, ಆಮೇಲೆ ಬೇರೆಯವರಿಗೆ ಮಾತು ಕೊಟ್ಟಾಗಿದೆ ಎಂದು ನನ್ನ ಕಿವಿಯಲ್ಲಿ ಹೇಳಿದರು. ಬಾಡಿಗೆ ಕೇಳಿದೆ. ನನ್ನ ಆಗಿನ ಸಂಬಳದಲ್ಲಿ ಅದನ್ನು ಕೊಟ್ಟರೆ ಇಬ್ಬರೂ ಆ ಎತ್ತರದ ಮನೆಯಲ್ಲಿ ಉಪವಾಸ ಕೂರಬೇಕಿತ್ತು.

ನಿಶ್ಚಯ ಮಾಡಿದ ಮೇಲೆ ನಾನು ನಾನಾಗಿ ಉಳಿಯಲಿಲ್ಲ. ಅರವತ್ತೇಳರ ಹೆಂಗಸು ಬಾವಿಕಟ್ಟೆಯಲ್ಲಿ ಎದ್ದೆ, ದಿನಸಿ ಅಂಗಡಿಯಲ್ಲಿ ಎದ್ದೆ. ಬಟಾಣಿ ಗಾತ್ರದ ಗುಂಡು ಬಿಟ್ಟು ನೆಲ್ಲಿಕಾಯಿ ಗಾತ್ರದ್ದಕ್ಕೆ ಬಂದೆ; ಅದೂ ಸಾಲದೆ ಚೀಲದಲ್ಲಿ ಒಳಕಲ್ಲಿನ ಗುಂಡು ಇಟ್ಟುಕೊಂಡು ಓಡಾಡಿದೆ. ಅಂಗಡಿಗೆ ಹೋಗುವ ದಾರಿಯಲ್ಲಿ ನನಗೆ ಬೆರಳು ಕೊಡುವವರ ಸಾಲೇ ಹುಟ್ಟಿಕೊಂಡಿತು. ಅಂಚೆಯವನು ಕೊಡುತ್ತಿದ್ದ, ಬಳೆಗಾರ್ತಿ ಕೊಡುತ್ತಿದ್ದಳು. ಬದನೆಕಾಯಿಯ ಬೆಲೆಯನ್ನು ನಾನು ಅಷ್ಟು ಸಲ ಹಿಂದೆಂದೂ ಚರ್ಚಿಸಿರಲಿಲ್ಲ. ಅಕ್ಕನನ್ನು ಬಿಟ್ಟರೆ ಮಾಬೂಬಿಗೆ ಮಾತ್ರ ವಿಷಯ ಹೇಳಿದ್ದೆ. ಅವಳು ವರ್ಷಕ್ಕೊಮ್ಮೆ ತಪ್ಪದೆ ಸಂಬಳ ಕೇಳುವವಳು, ಸಿಕ್ಕರೂ ಸಿಗದಿದ್ದರೂ ನಗುತ್ತ ಬಂದು ಮಶೀನು ತುಳಿಯುವವಳು. ಕೇಳುವ ಕ್ರಮವನ್ನೆಲ್ಲ ಹೇಳಿಕೊಟ್ಟಳು. ಅಮಾವಾಸ್ಯೆಯ ಅಂಗಡಿ ಪೂಜೆ ಆದ ಮೇಲೆ, ಅಂಚುಪಟ್ಟಿ ಬಿಚ್ಚಿ ಹೊಸ್ತಿಲ ಹೊರಗಿನ ಬುಟ್ಟಿಯಲ್ಲಿ ಹಾಕಬೇಕು. ಬರಿಗಾಲಲ್ಲಿ ಗಲ್ಲೆಯ ಮುಂದೆ ನಿಲ್ಲಬೇಕು. ಬಾಯಿ ತೆರೆದು ಕೇಳಬೇಕು. ಎದ್ದವರ ಮಾತಿಗೆ ಬೆಲೆ. ಏಳದವರಿಗೆ ಕೊಡುವುದು ಹಸಿವಿಲ್ಲದವರನ್ನು ಎಬ್ಬಿಸಿ ಉಣ್ಣಿಸಿದ ಹಾಗೆ ಎನ್ನುವುದು ಪೇಟೆಯ ಮಾತು. ನನ್ನ ಮಟ್ಟಿಗೆ ಏಳುವುದೇನೂ ಸಮಸ್ಯೆಯಲ್ಲ ಎಂದು ಇಬ್ಬರೂ ನಕ್ಕೆವು.

ಅಮಾವಾಸ್ಯೆಯ ಬೆಳಿಗ್ಗೆ ಅಕ್ಕ ನನಗಿಂತ ಮೊದಲು ಎದ್ದು ಕುಳಿತಿದ್ದಳು. ಅದೇ ಒಂದು ಆಶ್ಚರ್ಯ. ನನ್ನ ಬಟ್ಟೆಗಳನ್ನು ಮಡಿಸಿ ಇಟ್ಟಿದ್ದಳು. ತಾನು ಸಾವಕ್ಕನ ಕಟ್ಟೆಯ ಮೇಲೆ ಹೋಗಿ ಕೂತಿರುತ್ತೇನೆ, ಹೊತ್ತಿಗೆ ಮುಂಚೆ ಬೇರೆ ಯಾರಾದರೂ ಬಂದು ಕೈಯಲ್ಲಿ ಮುಂಗಡ ಇಟ್ಟುಬಿಟ್ಟರೆ ಎಂದಳು. ನಾನು ಅವಳನ್ನು ರಿಕ್ಷಾದಲ್ಲಿ ಅಲ್ಲಿಗೆ ಬಿಟ್ಟು ಅಂಗಡಿಯ ಕಡೆ ನಡೆದೆ. ಅಂದು ನನಗೆ ಯಾರ ಬೆರಳೂ ಬೇಕಾಗಲಿಲ್ಲ. ಕಾಲು ಭಾರ. ಸೀರೆ ಮೊಣಕಾಲಿಗೆ ತೊಡರುತ್ತಿತ್ತು. ಹೆದರಿಕೆ ಇರಬೇಕು, ಇಲ್ಲವೇ ಮಂಡಿಯ ನೋವು ಅಂದುಕೊಂಡೆ. ಅಂಚೆಯವನು ಬೆರಳು ಚಾಚಿದವನು ನನ್ನ ಪಾದ ನೋಡಿ, ಮೆಲ್ಲಗೆ ಕೈಯನ್ನು ಜೇಬಿಗೆ ಸೇರಿಸಿಕೊಂಡ.

ಮಧ್ಯಾಹ್ನ ಇಳಿದ ಮೇಲೆ ಪೂಜೆಯಾಯಿತು. ಧರಣಪ್ಪನವರು ಕಾಯಿ ಒಡೆದು, ಮಂಡಕ್ಕಿ ಪೇಡೆ ಹಂಚಿ, ಗಲ್ಲೆಯ ಹಿಂದೆ ಕುಳಿತರು. ಯಜಮಾನರು ಹಗುರಾದರೆ ವ್ಯಾಪಾರ ಹಗುರಾಗುತ್ತದೆ ಎಂದು ಅವರ ಮನೆತನದವರು ನಡುವಿಗೆ ಕಬ್ಬಿಣದ ಪಟ್ಟಿ ಕಟ್ಟುತ್ತಾರೆ. ಕೂತಾಗ ಅದು ಕುರ್ಚಿಗೆ ತಾಗಿ ಸದ್ದು ಮಾಡುತ್ತದೆ. ನಾನು ಅಂಚುಪಟ್ಟಿಯನ್ನು ಬಿಚ್ಚಿ ಬುಟ್ಟಿಯಲ್ಲಿ ಹಾಕಿದೆ. ಚೀಲದ ಕಲ್ಲನ್ನೂ ಹಾಕಿದೆ. ಚಪ್ಪಲಿ ಬಿಟ್ಟೆ. ಒಳಗೆ ಹೋಗಿ ಗಲ್ಲೆಯ ಮುಂದೆ ನಿಂತೆ.

ಧರಣಪ್ಪನವರು ನನ್ನನ್ನು ಆ ಜಾಗದಲ್ಲಿ ನಿರೀಕ್ಷಿಸಿರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ಹೇಳಬೇಕಾದ್ದನ್ನು ಹೇಳಿದೆ: ಮನೆ ಬದಲಿಸಬೇಕು, ಎತ್ತರದ ಮನೆಯ ಬಾಡಿಗೆಗೂ ಗಿಡ್ಡ ಮನೆಯ ಬಾಡಿಗೆಗೂ ಎಷ್ಟು ವ್ಯತ್ಯಾಸವೋ ಅಷ್ಟು ಸಂಬಳ ಹೆಚ್ಚಾಗಬೇಕು. ದನಿ ನಡುಗಲಿಲ್ಲ.  ಮುಖ ಕಿವಿಯವರೆಗೂ ಬಿಸಿಯಾಗಿತ್ತು. ಆದರೆ ಪಾದಗಳು ಅಂಗಡಿಯ ತಣ್ಣನೆಯ ಕಲ್ಲಿನ ಮೇಲೆ ಅಂಟಿಕೊಂಡಂತೆ ಇದ್ದವು.

ಅವರು ಗಲ್ಲೆಯ ಮೇಲಿಂದ ಬಗ್ಗಿ ನನ್ನ ಪಾದ ನೋಡಿದರು. ಕಾದರು. ನಾನೂ ನೋಡಿಕೊಂಡೆ. ಏಳು, ಏಳು ಎಂದು ಒಳಗೊಳಗೇ ಬೇಡಿಕೊಂಡೆ. ಅಕ್ಕನ ಚಪ್ಪಲಿಯನ್ನು ನೆನೆಸಿಕೊಂಡೆ, ಬೆಳಕಿಂಡಿಯ ಬಿಸಿಲನ್ನು ನೆನೆಸಿಕೊಂಡೆ. ಸೀರೆಯ ನಿರಿಗೆ ಸ್ವಲ್ಪ ಅಲುಗಿತು, ಅಷ್ಟೇ.

"ಅಕ್ಕಾರ, ನಿಮ್ಮ ಮಾತಿಗೆ ನಾ ಎಂದೂ ಎದುರು ಹೇಳಿಲ್ಲ" ಎಂದರು ಧರಣಪ್ಪನವರು, ತಗ್ಗಿದ ದನಿಯಲ್ಲಿ. "ಆದ್ರ ನೀವು ನೆಲದ ಮ್ಯಾಲ ಅದೀರಿ. ಯಾರೋ ಕೇಳ್ರಿ ಅಂದಾರ, ನೀವು ಬಂದು ಕೇಳೀರಿ. ನಿಮಗ ಆಸೆ ಇಲ್ಲ."

ವ್ಯಾಪಾರ ಮೊದಲಿನಂತೆ ಇಲ್ಲವೆಂದೂ ಹೇಳಿದರು. ಅದು ಸುಳ್ಳಲ್ಲ. ಆ ವರ್ಷ ಊರಿನಲ್ಲಿ ಏಳುವವರೇ ಕಡಿಮೆಯಾಗಿದ್ದರು. ಅಂಚು ಹೊಲಿಸುವವರು ಇನ್ನೆಲ್ಲಿಂದ ಬರಬೇಕು? ನನ್ನ ಕೈಗೆ ಇನ್ನೊಂದು ಪೇಡೆ ಇಟ್ಟರು. ಅವರು ಬೈದಿದ್ದರೆ ನನಗೆ ಅಷ್ಟು ಅಳು ಬರುತ್ತಿರಲಿಲ್ಲ.

ನಾನು ಹೊಸ್ತಿಲಿನ ಬಳಿ ಬಂದು ಗೋಡೆ ಹಿಡಿದು ನಿಂತೆ. ಇಲ್ಲವೆಂದರಲ್ಲ ಎಂಬುದು ದೊಡ್ಡ ಯೋಚನೆಯಾಗಿರಲಿಲ್ಲ. ನನ್ನ ಆಸೆಯೂ ಬತ್ತಿತೇ, ಅಕ್ಕನ ಹಾಗೆ, ನನಗೇ ಗೊತ್ತಾಗದಂತೆ? ಊರಿನವರ ಆಸೆಗಳನ್ನೆಲ್ಲ ಮುಖ ನೋಡಿ ಹೇಳುವ ನನಗೆ ನನ್ನದು ತಿಳಿಯಲಿಲ್ಲವೇ? ಮಾಬೂಬಿ ಮಶೀನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಎದ್ದು ಬಂದಳು. ನನ್ನ ಮುಖ ನೋಡಲಿಲ್ಲ. ಕಾಲ ಬಳಿ ಕುಕ್ಕರಗಾಲಲ್ಲಿ ಕುಳಿತು, ಸೀರೆಯ ಅಂಚನ್ನು ಒಂದಿಷ್ಟು ಎತ್ತಿ, ಒಳಗಿನ ಪೆಟಿಕೋಟಿನ ಮಡಿಕೆಯನ್ನು ಬೆರಳಲ್ಲಿ ಹಿಸುಕಿ ನೋಡಿದಳು.

"ಇದೇನ್ರೀ ಅಕ್ಕಾರ? ಇದರಾಗ ಗುಂಡು ಅದಾವು. ಸುತ್ತಲೂ ಅದಾವು." ಇನ್ನಷ್ಟು ಬಗ್ಗಿ ನೋಡಿದಳು. "ನಮ್ಮ ಅಂಗಡಿ ಹೊಲಿಗಿ ಅಲ್ಲ ಇದು. ಕಣ್ಣು ಕಾಣದವರು ಹೊಲಿದಂಗ ಐತಿ."

ಬಗ್ಗಿ ನೋಡಿದೆ. ದೊಡ್ಡ ದೊಡ್ಡ ಹೊಲಿಗೆ, ಒಂದು ಮೇಲೆ ಒಂದು ಕೆಳಗೆ, ಬಿಳಿ ಬಟ್ಟೆಗೆ ಕಪ್ಪು ದಾರ. ಗಾಯಕ್ಕೆ ಹಾಕಿದ ಹೊಲಿಗೆಯ ಹಾಗಿತ್ತು, ನರ್ಸಮ್ಮನ ಕೈ. ಬಿಸ್ಕತ್ತಿನ ಡಬ್ಬಿಯ ಗುಂಡುಗಳು ಎಲ್ಲಿ ಹೋದವೆಂದು ನನಗೆ ತಿಳಿಯಿತು. ಹಾದಿಬೀದಿಯಲ್ಲಿ ಏಳುತ್ತಿದ್ದ ತಂಗಿ ಎಲ್ಲಿ ಗಾಳಿಗೆ ತೂರಿಹೋಗುವಳೋ ಎಂದು, ಹುಕ್ಕು ಬಿಚ್ಚಿಕೊಂಡರೂ ಬೀಳದಂತೆ, ಒಳಗಿನ ಬಟ್ಟೆಗೇ ಸೇರಿಸಿ ಹೊಲಿದಿದ್ದಳು. ನನಗೆ ಹೇಳದೆ ಬಟ್ಟೆ ಮಡಿಸಿಟ್ಟಿದ್ದಳು. ಅವಳು ಸೂಜಿಗೆ ದಾರ ಹೇಗೆ ಪೋಣಿಸಿದಳೋ, ಇಂದಿಗೂ ನನಗೆ ಗೊತ್ತಿಲ್ಲ.

ಮಾಬೂಬಿ ನನ್ನ ಕೈ ಹಿಡಿದು ಮತ್ತೆ ಗಲ್ಲೆಯ ಮುಂದೆ ನಿಲ್ಲಿಸಿದಳು. ಅವಳ ಇನ್ನೊಂದು ಕೈಯಲ್ಲಿ ದೊಡ್ಡ ಕತ್ತರಿಯಿತ್ತು. ಸಾವಕಾರ್ರು ಆ ಕಡೆ ಗೋಡೆಗೆ ಮುಖ ಮಾಡಬೇಕು, ಹೆಣ್ಣುಮಕ್ಕಳ ಕೆಲಸ ಐತಿ ಎಂದಳು. ಧರಣಪ್ಪನವರು ಏನು ಎತ್ತ ಎಂದು ಕೇಳದೆ ಗೋಡೆಯ ಕಡೆ ತಿರುಗಿ ಕುಳಿತರು. ಹಾಗೆ ತಿರುಗಿದ್ದಷ್ಟೇ ಅಲ್ಲ, ಕನ್ನಡಕವನ್ನೂ ತೆಗೆದರು.

ಮಾಬೂಬಿ ಬಟ್ಟೆ ಕತ್ತರಿಸಲಿಲ್ಲ, ಹೊಲಿಗೆಯನ್ನು ಮಾತ್ರ ಕತ್ತರಿಸುತ್ತ ನನ್ನ ಸುತ್ತ ಮಂಡಿಯ ಮೇಲೆ ತಿರುಗಿದಳು. ಮೊದಲ ಗುಂಡು ಕಲ್ಲಿನ ಮೇಲೆ ಟಣ್ಣೆಂದು ಬಿತ್ತು. ಆಮೇಲೆ ಒಂದರ ಹಿಂದೊಂದು. ಅವು ಗಲ್ಲೆಯ ಕೆಳಗೆ, ಮಶೀನಿನ ಕೆಳಗೆ, ಬಾಗಿಲಾಚೆ ಉರುಳಿಹೋದವು. ಸುತ್ತು ಅರ್ಧವಾಗುವಾಗಲೇ ನನ್ನ ಹಿಮ್ಮಡಿ ಎದ್ದಿತ್ತು. "ತಡೀರಿ ಅಕ್ಕಾರ, ಇನ್ನೊಂಚೂರು ಐತಿ" ಎಂದು ಅವಳು ನನ್ನ ಪಾದ ಹಿಡಿದುಕೊಂಡೇ ಕೊನೆಯ ಹೊಲಿಗೆ ಬಿಚ್ಚಿದಳು, ಕೈ ಬಿಟ್ಟಳು.

ಹಾಗೆ ನಾನು ಎಂದೂ ಎದ್ದಿರಲಿಲ್ಲ. ಎದ್ದೆನೆಂದರೆ ತಪ್ಪಾಗುತ್ತದೆ, ಚಿಮ್ಮಿದೆ. ಇಷ್ಟು ದಿನ ಕೂಡಿಟ್ಟದ್ದೆಲ್ಲ ಒಮ್ಮೆಗೇ ಬಿಟ್ಟಂತೆ. ಬಟ್ಟೆಯ ಥಾನುಗಳು, ಕಪಾಟು, ಹಿರಿಯ ಧಣಿಗಳ ಫೋಟೋ ಎಲ್ಲ ಕೆಳಗೆ ಸರಿದವು. ನಿರಿಗೆಯನ್ನು ಪಾದಗಳ ನಡುವೆ ಒತ್ತಿ ಹಿಡಿಯುವ ವಿದ್ಯೆಯನ್ನು ನಮ್ಮೂರ ಹೆಣ್ಣುಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತಾರೆ, ಮರೆತಿರಲಿಲ್ಲ. ತಲೆ ತೊಲೆಗೆ ತಾಗಿತು. ಕೌದಿಯಿಲ್ಲದ ಗಟ್ಟಿ ಸಾಗುವಾನಿ. ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಸದ್ದಿಗೆ ತಿರುಗಿದ ಧರಣಪ್ಪನವರು ಮೊದಲು ಮಾಡಿದ ಕೆಲಸವೆಂದರೆ ಓಡಿಹೋಗಿ ಫ್ಯಾನು ಬಂದ್ ಮಾಡಿದ್ದು. ಆಮೇಲೆ ಕನ್ನಡಕ ಹುಡುಕಿದರು.

ತೊಲೆಯ ಮೇಲೆ ಧೂಳಿನಲ್ಲಿ ಹಸಿರು ಬಳೆಯ ಒಂದು ಚೂರು ಬಿದ್ದಿತ್ತು. ಮಾಬೂಬಿಯದು, ಯಾವ ವರ್ಷದ್ದೋ. ನಾನು ಅದನ್ನು ಅಲ್ಲೇ ಬಿಟ್ಟೆ.

"ಇಳದು ಮಾತಾಡ್ರಿ ಅಕ್ಕಾರ" ಎಂದರು ಅವರು ಕತ್ತೆತ್ತಿ.

"ಇಳದ್ರ ಆಸೆ ಇಲ್ಲ ಅಂತೀರಿ ಸಾವಕಾರ್ರ" ಎಂದೆ.

ಮಾಬೂಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಗಿಲಲ್ಲಿ ಆಗಲೇ ಜನ. ಉರುಳಿ ಹೋದ ಗುಂಡುಗಳನ್ನು ಕೊಡಲು ಬಂದ ಎದುರಿನ ಪಾತ್ರೆ ಅಂಗಡಿಯವರು ಅಲ್ಲೇ ನಿಂತುಬಿಟ್ಟಿದ್ದರು. ಅವರ ಹಿಂದೆ ಬಳೆಗಾರ್ತಿ, ಅವಳ ಹಿಂದೆ ಅಂಚೆಯವನು. ನಾನು ಕೇಳಿದ್ದನ್ನೇ ಮತ್ತೊಮ್ಮೆ ಕೇಳಿದೆ. ಈ ಸಲ ಮೇಲಿಂದ ಕೇಳಿದ್ದರಿಂದಲೋ ಏನೋ, ನನ್ನ ದನಿ ನನಗೇ ಚಂದ ಕೇಳಿಸಿತು. ಧರಣಪ್ಪನವರು ಬೆರಳೆಣಿಸಿ, ಕೇಳಿದ್ದರಲ್ಲಿ ಅರ್ಧ ಕೊಡಬಹುದು ಎಂದರು.

"ಅರ್ಧ ಕೊಟ್ರ ಅರ್ಧಾ ಇಳೀತಾರ" ಎಂದಳು ಮಾಬೂಬಿ. "ನಡುವ ಜೋತಾಡ್ಲಿ ಅಂತೀರೇನು? ಗಿರಾಕಿ ತಲಿಗೆ ಅವರ ಕಾಲು ಬಡೀತಾವು."

ಬಾಗಿಲಲ್ಲಿದ್ದವರು ನಕ್ಕರು. ಬಳೆಗಾರ್ತಿ, ಈ ವಯಸ್ಸಿನಲ್ಲಿ ಅಕ್ಕಾರು ಇಷ್ಟೆತ್ತರ ಹೋದರಲ್ಲ, ನನಗೇ ಏನೋ ಆಗುತ್ತಿದೆ ಎಂದು ಪಾತ್ರೆಯವರ ಭುಜ ಹಿಡಿದಳು. ನೋಡಿದರೆ ಅವಳ ಬುಟ್ಟಿ ನೆಲದಲ್ಲಿತ್ತು, ಅವಳು ಇರಲಿಲ್ಲ. ಅವಳಿಗೆ ಬೆರಳು ಕೊಟ್ಟ ಅಂಚೆಯವನೂ ನಿಧಾನವಾಗಿ ಎದ್ದ. ಏನೇನು ಆಸೆಗಳಿದ್ದವೋ, ಎಲ್ಲಿ ಮಡಿಸಿಟ್ಟಿದ್ದರೋ. ಅಂಗಡಿಯ ಮುಂದೆ ಒಬ್ಬೊಬ್ಬರಾಗಿ ಒಬ್ಬರನ್ನೊಬ್ಬರು ಹಿಡಿದುಕೊಳ್ಳತೊಡಗಿದರು. ಒಬ್ಬರು, ಹೇಗೂ ಬಂದಿದ್ದೇನೆ, ಒಂದು ಅಂಚುಪಟ್ಟಿ ಸಿಗುತ್ತದೆಯೇ ಎಂದರು.

ಧರಣಪ್ಪನವರು ಅವರನ್ನೆಲ್ಲ ನೋಡಿದರು, ನನ್ನನ್ನು ನೋಡಿದರು. ಮೇಲಿನಿಂದ ನನಗೆ ಗಲ್ಲೆಯ ಹಿಂದಿನದೂ ಕಾಣುತ್ತಿತ್ತು. ಅವರ ಹಿಮ್ಮಡಿಗಳು ಚಪ್ಪಲಿ ಬಿಟ್ಟಿದ್ದವು. ನಡುವಿನ ಕಬ್ಬಿಣದ ಪಟ್ಟಿ ಅವರನ್ನು ಕೆಳಕ್ಕೆ ಜಗ್ಗುತ್ತಿತ್ತು, ತುದಿಗಾಲು ಮಾತ್ರ ನೆಲದಲ್ಲಿ. ಈ ಹುಡುಗನನ್ನು ನಾನು ಚಡ್ಡಿಗೆ ಗುಂಡು ಹಾಕಿಸುವ ವಯಸ್ಸಿನಿಂದ ಬಲ್ಲೆ. ಅವರು ಎದ್ದದ್ದನ್ನು ಆಮೇಲೆ ನೋಡಿರಲಿಲ್ಲ. ನಾನು ಊರಿನ ಮರ್ಯಾದೆಯಂತೆ ಬೇರೆ ಕಡೆ ನೋಡಿದೆ.

"ಪೂರಾ ಕೊಡ್ತೀನಿ" ಎಂದರು. "ಈ ತಿಂಗಳಿನಿಂದನ. ಇಳೀರಿ ಇನ್ನ."

ನಾನು ಇಳಿಯಲು ಕಾದೆ. ಕೈಗೂಡಿದ ಮೇಲೆ ಇಳಿಯಬೇಕಲ್ಲ. ಎಲ್ಲರೂ ಕಾದರು. ನನ್ನ ತಲೆ ತೊಲೆ ಬಿಟ್ಟು ಅಲುಗಲಿಲ್ಲ. ಕೊಡುತ್ತೇನೆ ಅಂದೆನಲ್ಲ, ಇನ್ನೇನು ಬೇಕು ಎಂದು ಧರಣಪ್ಪನವರು ಗಾಬರಿಯಾಗಿ, ಅದರ ಮೇಲೆ ದೀಪಾವಳಿಗೊಂದು ಸೀರೆಯನ್ನೂ ಸೇರಿಸಿದರು. ಬೇಡ ಎಂದೆ. ಮಾಬೂಬಿಗಷ್ಟೇ ಅರ್ಥವಾಯಿತು. ಇವರಿಗೆ ಬೇಕಾದದ್ದು ಈ ಅಂಗಡಿಯಲ್ಲಿ ಇಲ್ಲ, ಗಿರಣಿ ಹಿಂದೆ ಕಟ್ಟೆಯ ಮೇಲೆ ಕೂತಿದೆ, ಅಲ್ಲಿಗೆ ಒಯ್ಯಬೇಕು, ಹೊತ್ತು ಬೇರೆ ಇಳಿಯುತ್ತಿದೆ ಎಂದಳು. ಕೋಲಿನ ತುದಿಯಿಂದ ನನಗೆ ದಾರ ದಾಟಿಸಿದರು. ಧೋತರದ ಅಂಚಿಗೆ ಬಳಸುವ ಗಟ್ಟಿ ದಾರದ ಹೊಸ ಉಂಡೆಯನ್ನು ಧರಣಪ್ಪನವರೇ ಕಪಾಟಿನಿಂದ ತೆಗೆದು ಕೊಟ್ಟರು. ನಾನು ಅದನ್ನು ನಡುವಿಗೆ ಬಿಗಿದುಕೊಂಡೆ. ಧರಣಪ್ಪನವರು ಮುಂಗಡಕ್ಕೆಂದು ಹಣದ ಒಂದು ಪೊಟ್ಟಣವನ್ನು ಮಾಬೂಬಿಯ ಕೈಗೆ ಹಾಕಿ, ಅಕ್ಕಾರನ್ನು ಬಾಗಿಲ ಮೇಲ್ಪಟ್ಟಿಗೆ ತಾಗಿಸಬೇಡ ಎಂದು ಎರಡೆರಡು ಸಲ ಹೇಳಿದರು.

ಹೀಗೆ ಅಮಾವಾಸ್ಯೆಯ ಸಂಜೆ ನಾನು ಪೇಟೆಯ ನಡುವೆ, ಅಂಗಡಿಗಳ ತಗಡಿನ ಮಾಡುಗಳಿಗಿಂತ ಮೇಲೆ, ಮಾಬೂಬಿಯ ಕೈಯ ದಾರದ ತುದಿಯಲ್ಲಿ ಹೋದೆ. ಕೆಳಗೆ ಎಷ್ಟೊಂದು ಮುಖಗಳು ಮೇಲೆ ನೋಡುತ್ತಿದ್ದವು. ಯಾರೂ ಯಾಕೆ ಎಂದು ಕೇಳಲಿಲ್ಲ. ಪಾತ್ರೆಯವರು ಮುಂದೆ ಮುಂದೆ ಹೋಗುತ್ತ, ಅಡ್ಡ ಬಂದ ಕೇಬಲ್ಲಿನ ತಂತಿಗಳನ್ನು ಕೊಡೆಯ ತುದಿಯಿಂದ ಎತ್ತಿ ದಾರಿ ಮಾಡುತ್ತಿದ್ದರು. ಮಹಡಿಯ ಮೇಲೆ ಸಂಡಿಗೆ ಎತ್ತುತ್ತಿದ್ದ ಒಬ್ಬ ಹೆಂಗಸು ನನ್ನ ಎತ್ತರಕ್ಕೇ ಇದ್ದವಳು, ಒಂದು ಸಂಡಿಗೆ ಚೂರು ನನ್ನ ಕೈಗಿಟ್ಟು, ಉಪ್ಪು ಸರಿಯಿದೆಯೇ ನೋಡಿ ಎಂದಳು. ಸರಿಯಿತ್ತು. ಗಾಳಿ ತಣ್ಣಗಿತ್ತು. ಅರವತ್ತೇಳು ವರ್ಷ ಇದ್ದ ಊರು, ಅದರ ಮಾಳಿಗೆಗಳ ಮೇಲೆ ಇಷ್ಟೊಂದು ತುಳಸಿ ಕುಂಡಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ.

ಸಾವಕ್ಕ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಹೊಸೆಯುತ್ತ ಕುಳಿತಿದ್ದರು. ಹೊಸೆದದ್ದನ್ನೇ ಬಿಚ್ಚಿ ಮತ್ತೆ ಹೊಸೆಯುತ್ತಿದ್ದರು. ದೀಪ ಹಚ್ಚದೆ ಹೊತ್ತು ತಳ್ಳುತ್ತಿದ್ದಾರೆಂದು ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಅಕ್ಕ, ಮಂಡಿಯ ಮೇಲೆ ಕೈ ಊರಿ ಕೂತವಳು, ದಾರದ ಉದ್ದಕ್ಕೂ ಕಣ್ಣು ಹಾಯಿಸಿ ನನ್ನನ್ನು ಕಂಡಳು. ಅವಳು ಮೊದಲು ನೋಡಿದ್ದು ನನ್ನ ಪೆಟಿಕೋಟಿನ ಅಂಚನ್ನು.

"ಬಿಚ್ಚಿದ್ರೇನು?" ಎಂದಳು. "ಎರಡು ದಿನ ಹಿಡದಿತ್ತು ನನಗ ಅದನ್ನ ಹೊಲ್ಯಾಕ. ಹಾರಿ ಹೋದ್ರ ಏನು ಮಾಡ್ತಿದ್ದಿ?"

"ಅಕ್ಕ, ಸಿಕ್ತು" ಎಂದೆ.

 ಮಾಬೂಬಿ ಪೊಟ್ಟಣವನ್ನು ಸಾವಕ್ಕನ ಕೈಗಿಟ್ಟಳು. ಸಾವಕ್ಕ ಎಣಿಸದೆ ಸೊಂಟಕ್ಕೆ ಸಿಕ್ಕಿಸಿ, ಒಂದೇ ಗೀರಿಗೆ ದೀಪ ಹಚ್ಚಿ, ಬೀಗದ ಕೈಯನ್ನು ಅಕ್ಕನ ಮಡಿಲಿಗೆ ಹಾಕಿದರು. ಅಕ್ಕ ತಾನೇ ಎದ್ದು, ಗೋಡೆ ಹಿಡಿಯದೆ, ಬಾಗಿಲು ತೆಗೆದಳು. ಮಾಬೂಬಿ ದಾರ ಗಿಡ್ಡ ಮಾಡಿ ನನ್ನನ್ನು ಬಗ್ಗಿಸಿ ಒಳಗೆ ತಂದಳು. ಬೆಳಕಿಂಡಿಯಲ್ಲಿ ಕೊನೆಯ ಬಿಸಿಲಿತ್ತು. ಅಕ್ಕ ಅಂದಿನ ಹಾಗೆಯೇ ನಡುಮನೆಯಲ್ಲಿ ನಿಂತು ಕತ್ತೆತ್ತಿದಳು.

ಮೊದಲು ಚಪ್ಪಲಿಗಳು ಉಳಿದವು. ಆಮೇಲೆ ಹಿಮ್ಮಡಿ, ಬೆರಳು, ಸೀರೆಯ ಅಂಚು ನೆಲ ಬಿಟ್ಟವು. ಅವಳ ಮೈಮೇಲೆ ಒಂದು ಗುಂಡೂ ಇರಲಿಲ್ಲ. ಇದ್ದವನ್ನೆಲ್ಲ ನನಗೆ ಹೊಲಿದಿದ್ದಳು. ನನ್ನ ಮುಖದ ಎದುರಿಗೆ ಅವಳ ಮುಖ ಬಂತು, ನನ್ನನ್ನು ದಾಟಿ ಮೇಲೆ ಹೋಯಿತು. ಹೋಗುವಾಗ ನನ್ನ ತಲೆ ಸವರಿದಳು, ಊದಿದ ಜಾಗ ಸಿಕ್ಕಿ ಕೈ ಅಲ್ಲೇ ಒಂದಿಷ್ಟು ತಡೆಯಿತು. ಆಗಲೇ ನನಗೆ ಪಾದದ ಕೆಳಗೆ ತಂಪು ತಾಗಿದ್ದು. ನೋಡಿದರೆ ನಾನು ನೆಲದ ಮೇಲೆ ನಿಂತಿದ್ದೆ. ಮಾಬೂಬಿ ನನ್ನ ನಡುವಿನ ದಾರ ಬಿಚ್ಚಿ, ಅದರ ಉಂಡೆಯನ್ನು ನನ್ನ ಕೈಗಿತ್ತಳು. ಮೇಲಕ್ಕೆ ಎಸೆಯಬೇಕು, ಅಕ್ಕ ಹಿಡಿದುಕೊಳ್ಳಬೇಕು. ಎಸೆಯಲು ಕೈಯೆತ್ತಿದೆ. ಕಣ್ಣು ಮಂಜಾಗಿ ಅವಳು ಎಲ್ಲಿದ್ದಾಳೆಂದೇ ಕಾಣಲಿಲ್ಲ.

ತೊಲೆಯ ಹತ್ತಿರದಿಂದ ಅಕ್ಕನ ದನಿ ಬಂತು, ಹೆರಿಗೆ ದವಾಖಾನೆಯಲ್ಲಿ ಎಲ್ಲರನ್ನೂ ನಡುಗಿಸುತ್ತಿದ್ದ ಹಳೆಯ ದನಿ.

"ಕುಸುಮಿ, ಇಲ್ಲಿ ಪೂರಾ ಜ್ಯಾಡರ ಬಲಿ ಐತಿ. ದಾರ ಆಮ್ಯಾಲ. ಮೊದಲ ಕಸಬರಿಗಿ ಕೊಡು."